ಕ್ವಾಲಾಲಂಪುರಕ್ಕೆ ಒಂದು ಡಬ್ಬಿ ಕರದಂಟು

ಹುಕ್ಕೇರಿ: ಬ್ಯಾನರು ಮೊದಲು

ನಾನು ಮಲೇಷ್ಯಾಕ್ಕೆ ಹೋಗಿದ್ದೆ ಅಂದರೆ ಗೋಕಾಕದಲ್ಲಿ ಜನ ಕೇಳುವ ಮೊದಲ ಪ್ರಶ್ನೆ, "ಯಾರ ಲಗ್ನಕ್ಕ ಮೈಕ್ ಹಚ್ಚಾಕ ಹೋಗಿದ್ದಿ?" ಅವರದೇನೂ ತಪ್ಪಿಲ್ಲ. ನನ್ನದು ಮೈಕ್ ಸೆಟ್ಟಿನ ಅಂಗಡಿ. ಹುಟ್ಟಿದ್ದು ಕೌಜಲಗಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಮಾತು ಕಲಿತದ್ದು ಕುರಿಹಟ್ಟಿಯಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದ ಅಜ್ಜನಿಂದ, ಮತ್ತು ಆ ಅಜ್ಜನನ್ನು ದಿನಾ ಮಾತಿನಲ್ಲಿ ಸೋಲಿಸುತ್ತಿದ್ದ ಅಜ್ಜಿಯಿಂದ. ಆ ಮಾತನ್ನು ನಾನು ಖರ್ಚು ಮಾಡುವುದು ಟೆನಿಸ್ ಬಾಲ್ ಟೂರ್ನಮೆಂಟುಗಳ ಕಾಮೆಂಟರಿಯಲ್ಲಿ. ಮೂಡಲಗಿಯ ಮೈದಾನದಲ್ಲಿ ಸಿಕ್ಸು ಬಿದ್ದರೆ ಚೆಂಡಿಗಿಂತ ಮುಂಚೆ ನನ್ನ ದನಿ ಬೌಂಡರಿ ದಾಟುತ್ತದೆ ಎಂದು ಹೇಳುವವರಿದ್ದಾರೆ. ಹೇಳುವವರಲ್ಲಿ ನಾನೂ ಒಬ್ಬ.

ಇದು ತೊಂಬತ್ತರ ದಶಕ ಮುಗಿಯುವ ಹೊತ್ತಿನ ಮಾತು. ನನ್ನನ್ನು ಪರದೇಶಕ್ಕೆ ಎಳೆದೊಯ್ದವರು ಹುಕ್ಕೇರಿಯ ಭೂಪಾಲ ಕಾಕಾ. ಜೈನರು, ಬೆಲ್ಲದ ವ್ಯಾಪಾರಿ. ನಮ್ಮ ಅಜ್ಜನ ಉಣ್ಣೆ ಅವರಪ್ಪನ ಅಂಗಡಿಗೆ ಹೋಗುತ್ತಿದ್ದ ಕಾಲದಿಂದ ನಮಗೂ ಅವರಿಗೂ ಬಳಕೆ. ಚಾತುರ್ಮಾಸಕ್ಕೆ ಬಂದ ಮುನಿಗಳೊಬ್ಬರ ಎದುರು ಕಾಕಾ ಎರಡು ನೇಮ ಹಿಡಿದಿದ್ದರು: ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಯಾವ ಹೊತ್ತಿನಲ್ಲೂ ಸುಳ್ಳು ಹೇಳುವುದಿಲ್ಲ. ಮೊದಲನೆಯದು ಅವರ ಮನೆತನಕ್ಕೇ ರೂಢಿ. ಎರಡನೆಯದನ್ನು ಇಟ್ಟುಕೊಂಡು ಬೆಲ್ಲ ಮಾರುವುದು ಹೇಗೆ ಎಂದು ಊರಿಗೆಲ್ಲ ಕುತೂಹಲ. ಕಾಕಾನ ಯುಕ್ತಿ ಸರಳ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಅದರ ಬಾಜೂಕ್ಕೆ, ಪಕ್ಕದಲ್ಲೇ ಇರುವ ಇನ್ನೊಂದು ಖರೆ ಹೇಳುತ್ತಾರೆ.

"ಕಾಕಾ, ಈ ಬೆಲ್ಲ ಹ್ವಾದ ವರ್ಷದ್ದೇನ್ರಿ?"

"ಪೆಂಟಿ ಒಡದ್ರ ಘಮಾ ಹೆಂಗ ಬರತೈತಿ ನೋಡ್ರಿ."

ಘಮ ಬರುವುದು ಖರೆ. ಬೆಲ್ಲ ಹೋದ ವರ್ಷದ್ದೆಂಬುದೂ ಖರೆ.

ಈ ಕಾಕಾನ ಅಕ್ಕ ಪದ್ಮಕ್ಕ. ಪದ್ಮಕ್ಕನ ಮಗ ಅಜಿತ. ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿಗೆ ಸೇರಿ, ಪುಸ್ತಕಕ್ಕಿಂತ ಬ್ಯಾಟು ಹಿಡಿದದ್ದೇ ಹೆಚ್ಚಾಗಿ, ನಡುವೆಯೇ ಬಿಟ್ಟು, ಕೊಲ್ಲಿಯ ಒಂದು ಸಣ್ಣ ದೇಶಕ್ಕೆ ಎಸಿ ರಿಪೇರಿ ಮಾಡಲು ಹೋದವನು. ಬಳಗದವರು ಪದ್ಮಕ್ಕನ ಎದುರು ಅವನ ಹೆಸರನ್ನು ಕೆಮ್ಮಿದ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿದು ಹೇಳುತ್ತಿದ್ದರು. ಅಷ್ಟರಲ್ಲಿ ಸುದ್ದಿ ಬಂತು. ಅಲ್ಲಿ ಶುಕ್ರವಾರಕ್ಕೊಮ್ಮೆ ಸಿಮೆಂಟ್ ಪಿಚ್ಚಿನ ಮೇಲೆ ಆಡುತ್ತ ಆಡುತ್ತ ಅಜಿತ ಆ ದೇಶದ ಟೀಮಿಗೇ ಆಯ್ಕೆಯಾಗಿದ್ದಾನೆ. ಏಷ್ಯಾದ ಸಣ್ಣಪುಟ್ಟ ದೇಶಗಳೆಲ್ಲ ಸೇರಿ ಮಲೇಷ್ಯಾದಲ್ಲಿ ಟೂರ್ನಮೆಂಟು ಆಡುತ್ತವೆ, ಅಲ್ಲಿಗೆ ಬರುತ್ತಾನೆ. ಆ ಕೊಲ್ಲಿ ದೇಶದ ಹೆಸರು ಮಾತ್ರ ನಾನು ಬರೆಯುವುದಿಲ್ಲ. ಅವರ ಮ್ಯಾನೇಜರು ಇನ್ನೂ ಗಟ್ಟಿಮುಟ್ಟಾಗಿದ್ದಾರಂತೆ.

ಹುಕ್ಕೇರಿಯಲ್ಲಿ ಯಾರೂ ನಂಬಲಿಲ್ಲ. ಎಸಿ ಬಿಚ್ಚುವವನು ಒಂದು ದೇಶಕ್ಕೆ ಆಡುವುದೆಂದರೇನು? ಆಗ ಊರ ಕ್ರಿಕೆಟ್ ಕ್ಲಬ್ಬಿನ ಅಧ್ಯಕ್ಷರು ಉಪಾಯ ಹೇಳಿದರು. ಇವರು ಜೀವಮಾನದಲ್ಲಿ ಬ್ಯಾಟು ಮುಟ್ಟಿದವರಲ್ಲ. ಪುರಸಭೆಯ ಚುನಾವಣೆಯ ಮೇಲೆ ಕಣ್ಣಿಟ್ಟಿದ್ದರಿಂದ ಕ್ರಿಕೆಟ್ಟಿನ ಮೇಲೆ ಪ್ರೀತಿ ಹುಟ್ಟಿದವರು.

"ಭೂಪಾಲಣ್ಣಾ, ನೀವ ಹೋಗಿ ಕಣ್ಣಾರೆ ನೋಡಿ ಬರ್ರಿ. ನೀವು ಸುಳ್ಳ ಹೇಳಂಗಿಲ್ಲ ಅಂತ ತಾಲೂಕಿಗೆಲ್ಲಾ ಗೊತ್ತೈತಿ. ಆಡ್ಯಾನ ಅಂತ ನೀವಂದ್ರ ಹತ್ತರಗಿ ಕ್ರಾಸಿನಿಂದ ಮೆರವಣಿಗಿ. ಪದ್ಮಕ್ಕಗ ಎಲ್ಲಾರ ಮುಂದ ಸತ್ಕಾರ. ಆಡಿಲ್ಲ ಅಂದ್ರ..." ಅಧ್ಯಕ್ಷರು ಅಲ್ಲಿಗೇ ನಿಲ್ಲಿಸಿ ಪದ್ಮಕ್ಕನ ಮನೆಯ ಕಡೆ ನೋಡಿದರು.

ಆಡಿಲ್ಲ ಅಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕೆಮ್ಮುವವರು ಇನ್ನು ಕೈ ಅಡ್ಡ ಹಿಡಿಯುವುದಿಲ್ಲ.

ನಾವು ಹೊರಡುವ ಮೊದಲೇ ಬ್ಯಾನರು ಬರೆಸಿಯಾಗಿತ್ತು. ಅದರಲ್ಲಿ ಅಧ್ಯಕ್ಷರ ಮುಖ ಕುಂಬಳಕಾಯಿಯಷ್ಟು, ಅಜಿತನದು ನಿಂಬೆಹಣ್ಣಿನಷ್ಟು. "ನಿನಗ ಇಂಗ್ಲಿಷ್ ಬರತೈತಿ, ನೀನೂ ನಡಿ" ಎಂದು ಕಾಕಾ ನನ್ನನ್ನು ಹೊರಡಿಸಿದರು. ನನಗೆ ಬರುವ ಇಂಗ್ಲಿಷು ನೋ ಬಾಲ್, ಲೆಗ್ ಬೈ, ಥರ್ಡ್ ಮ್ಯಾನ್. ಪದ್ಮಕ್ಕ ಮಗನಿಗೆಂದು ತಾನೇ ಒಲೆಯ ಮುಂದೆ ಕೂತು ಕರದಂಟು ಮಾಡಿದಳು: ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬದಾಮು, ಮೇಲೆ ಕಾಕಾನ ಅಂಗಡಿಯ ಬೆಲ್ಲದ ಪಾಕ. ದೊಡ್ಡ ಸ್ಟೀಲ್ ಡಬ್ಬಿ ತುಂಬಿ, ಬಟ್ಟೆ ಬಿಗಿದು, "ಅಂವನ ಕೈಯಾಗ ಕೊಡ್ರಿ. ಅಲ್ಲಿ ಏನ ತಿಂತಾನೋ ಏನೋ" ಅಂದಳು. ಬಾಣಂತಿಯರ ಸೊಂಟ ಗಟ್ಟಿ ಮಾಡುವ ತಿಂಡಿ ಅದು. ಒಂದು ತಿಂದು ಸುಮ್ಮನಾಗಬೇಕೆಂದು ನಮ್ಮ ಭಾಗದಲ್ಲಿ ಕೂಸುಗಳಿಗೂ ಗೊತ್ತು. ಮಲೇಷ್ಯಾದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಿಮಾನ: ಮುಂಚೆಯೇ ಮುಳುಗಿದ ಸೂರ್ಯ

ಡಬ್ಬಿ ಕಾಕಾನ ತೊಡೆ ಬಿಟ್ಟು ಇಳಿಯಲಿಲ್ಲ. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಡಬ್ಬಿಯ ಬಟ್ಟೆ ಬಿಚ್ಚಿಸಿ, ಮುಚ್ಚಳ ತೆಗೆಸಿ, ಮೂಸಿ ನೋಡಿದ. ಕಾಕಾ ಅವನ ಕೈಗೆ ಒಂದು ಇಟ್ಟರು. ಅವನು ಬೇಡವೆಂದ. ನಮ್ಮ ಕಡೆ ಪಾಹುಣೆ, ಅಂದರೆ ಮನೆಗೆ ಬಂದ ನೆಂಟ, ಒಂದು ಸಲ ಬೇಡವೆಂದರೆ ಅದು ಮರ್ಯಾದೆ, ಬಡಿಸಬೇಕು. ಎರಡನೇ ಸಲ ಬೇಡವೆಂದರೆ ಅದು ನಾಚಿಕೆ, ಇನ್ನಷ್ಟು ಬಡಿಸಬೇಕು. ಎಲೆಯ ಮೇಲೆ ಎರಡೂ ಕೈ ಹಾಸಿ ಬಗ್ಗಿಕೊಂಡರೆ ಮಾತ್ರ, ಬೆರಳ ಸಂದಿನಲ್ಲಿ ಜಾಗವಿದೆಯೇ ಎಂದು ನೋಡಬೇಕು. ತಪಾಸಣೆಯವನು ಸಮವಸ್ತ್ರದಲ್ಲಿದ್ದರೂ ಕಾಕಾನ ಲೆಕ್ಕದಲ್ಲಿ ಪಾಹುಣೆಯೇ. ಪಾಪ, ತಿಂದ. ಹಿಂದಿನ ಸಾಲಿನವರೆಲ್ಲ ಕಾಯುತ್ತ ನಿಂತು ಅವನು ಅಗಿಯುವುದನ್ನು ನೋಡಿದರು.

ವಿಮಾನ ಹಾರಿದಾಗ ಇನ್ನೂ ಬಿಸಿಲಿತ್ತು. "ಊಟ ಬರತೈತಿ, ಹೊತ್ತ ಮುಳುಗೂದ್ರಾಗ ಉಂಡಬಿಡೂಣು" ಎಂದು ಕಾಕಾ ಕೈತೊಳೆದು ಕೂತರು. ನಾವು ಹೋಗುತ್ತಿದ್ದದ್ದು ಪೂರ್ವಕ್ಕೆ. ಆ ಕಡೆ ಸೂರ್ಯನಿಗೆ ಮನೆಗೆ ಹೋಗುವ ಅವಸರ ಹೆಚ್ಚು. ಊಟದ ಗಾಡಿ ನಮ್ಮ ಸಾಲಿಗೆ ಬರುವಷ್ಟರಲ್ಲಿ ಕಿಟಕಿ ಕಪ್ಪಾಗಿತ್ತು.

"ಕಾಕಾ, ಹುಕ್ಕೇರಿಯೊಳಗ ಇನ್ನೂ ಬಿಸಲೈತಿ. ನಿಮ್ಮ ಗಡಿಯಾರ ನೋಡ್ರಿ. ಉಣ್ರಿ."

ಕಾಕಾ ಗಡಿಯಾರ ನೋಡಿದರು, ಕಿಟಕಿ ನೋಡಿದರು, ತಟ್ಟೆಯ ಮೇಲಿನ ಹೋಳಿಗೆಯಂಥದ್ದನ್ನು ಬಹಳ ಹೊತ್ತು ನೋಡಿದರು. "ಕತ್ತಲಿ ಕಾಣಾಕತ್ತೈತಿ. ಕಂಡದ್ದನ್ನ ಇಲ್ಲ ಅನ್ನಬಾರದು" ಎಂದು ತಟ್ಟೆಯನ್ನು ನನ್ನ ಕಡೆ ಸರಿಸಿದರು. ಒಂದು ನೇಮ ಇನ್ನೊಂದು ನೇಮದ ಕತ್ತು ಹಿಡಿದದ್ದನ್ನು ನಾನು ಕಂಡದ್ದು ಆಗಲೇ. ಎರಡೂ ತಟ್ಟೆ ನಾನೇ ಖಾಲಿ ಮಾಡಿದೆ.

ಕ್ವಾಲಾಲಂಪುರ: ಹೆಬ್ಬೆರಳಿನ ಊರು

ಆ ಊರಿನವರು ಬೆರಳು ಮಾಡಿ ತೋರಿಸುವುದಿಲ್ಲ. ತೋರುಬೆರಳು ಚಾಚಿದರೆ ಅಸಭ್ಯ. ಮುಷ್ಟಿ ಕಟ್ಟಿ, ಮೇಲೆ ಹೆಬ್ಬೆರಳನ್ನು ಮಲಗಿಸಿ, ಅದರಿಂದ ದಾರಿ ತೋರಿಸುತ್ತಾರೆ. ನಮ್ಮಲ್ಲಿ ಹೆಬ್ಬೆರಳು ತೋರಿಸಿದರೆ "ನಿನಗೇನೂ ಸಿಗಂಗಿಲ್ಲ, ಹೋಗು" ಎಂದರ್ಥ. ಕ್ರಿಕೆಟ್ ಮೈದಾನ ಎಲ್ಲಿ ಎಂದು ಕೇಳಿದ್ದಕ್ಕೆ ಒಬ್ಬರಾದ ಮೇಲೆ ಒಬ್ಬರು ನಗುನಗುತ್ತ ಹೆಬ್ಬೆರಳು ತೋರಿಸಿದಾಗ ಕಾಕಾನ ಮುಖ ಸಣ್ಣದಾಯಿತು.

"ನಮಗ ಏನೂ ಸಿಗಂಗಿಲ್ಲ ಅಂತ ಇವರಿಗೆ ಮೊದಲ ಗೊತ್ತೈತೇನೋ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಟ್ಯಾಕ್ಸಿಯವನು ಚೀನೀ ಮೂಲದ ಮುದುಕ. ಕ್ರಿಕೆಟ್ ಎಂದರೆ ತಿಳಿಯಲಿಲ್ಲ. ನಾನು ರಸ್ತೆಯ ಬದಿ ನಿಂತು ಬ್ಯಾಟ್ ಬೀಸಿ ತೋರಿಸಿದೆ. ಅವನು ಸಂತೋಷದಿಂದ ತಲೆಯಾಡಿಸಿ ನಮ್ಮನ್ನು ಗಾಲ್ಫ್ ಮೈದಾನಕ್ಕೆ ಒಯ್ದ. ಅಲ್ಲಿ ಒಬ್ಬೊಬ್ಬರೇ ನಿಂತು ಚೆಂಡು ಹೊಡೆಯುವುದನ್ನು ಕಾಕಾ ಸ್ವಲ್ಪ ಹೊತ್ತು ನೋಡಿ, "ಹಿಡಿಯಾವ್ರ ಇಲ್ಲಲ್ಲೋ" ಅಂದರು. ನಮ್ಮ ಊರಲ್ಲಿ ಹಾಗೆ ಚೆಂಡು ಹೊಡೆದು ಕೈ ಬಿಟ್ಟರೆ ಮನೆಗೆ ಹೋಗುವಾಗ ಚೆಂಡೂ ಇರುವುದಿಲ್ಲ, ಕೋಲೂ ಇರುವುದಿಲ್ಲ.

ಕೊನೆಗೆ ಮೈದಾನ ಸಿಕ್ಕಿತು. ಹಸಿರು ಅಂದರೆ ಎಂಥ ಹಸಿರು! ಕುರುಬರ ಮೊಮ್ಮಗನಾದ ನನಗೆ ಮೊದಲು ಬಂದ ಯೋಚನೆ, ಇಲ್ಲಿ ಕುರಿ ಬಿಟ್ಟರೆ ಎರಡೇ ತಿಂಗಳಿಗೆ ಆನೆಯಾಗಿ ಬರುತ್ತವೆ. ಆದರೆ ನೋಡುವವರು? ಮೂಡಲಗಿಯಲ್ಲಿ ಸಾಲಿ ಹುಡುಗರು ಬೋರೆಹಣ್ಣಿನ ಪಂದ್ಯ ಕಟ್ಟಿ ಆಡಿದರೂ ಗಿಡದ ತುಂಬ ಜನ ಹತ್ತಿರುತ್ತಾರೆ. ಇಲ್ಲಿ ಅಂತಾರಾಷ್ಟ್ರೀಯ ಪಂದ್ಯಕ್ಕೆ ಕಾಕಾ, ನಾನು, ಬುತ್ತಿ ಉಣ್ಣಲು ನೆರಳು ಹುಡುಕಿ ಬಂದ ಇಬ್ಬರು ಕೂಲಿಗಳು, ಒಂದು ಬೆಕ್ಕು. ಮೈಕಂತೂ ಇಲ್ಲವೇ ಇಲ್ಲ. ಔಟಾದವನು ಸುಮ್ಮನೆ ಔಟಾಗಿ ಹೋಗುತ್ತಾನೆ. ಅವನಪ್ಪನ ಹೆಸರು, ಅವನ ಊರು, ಅವನು ಹೀಗೆ ಔಟಾಗಬಾರದಿತ್ತು ಎಂಬುದು, ಏನನ್ನೂ ಹೇಳುವವರಿಲ್ಲ.

ಮೊದಲ ಪಂದ್ಯ: ಕೋಟುಗಳು

ಆಡುವವರು ಹನ್ನೊಂದು ಮಂದಿಯಾದರೆ ಕೋಟು ಹಾಕಿದವರು ಅದಕ್ಕಿಂತ ಹೆಚ್ಚು. ಮ್ಯಾನೇಜರು, ಅವರ ಸಹಾಯಕರು, ಸಹಾಯಕರ ಜತೆಗಾರರು, ಯಾವ ಕೆಲಸಕ್ಕೆಂದು ಅವರಿಗೇ ಗೊತ್ತಿಲ್ಲದ ಇನ್ನೂ ಕೆಲವರು. ಬೆವರು ಕಾಲುವೆಯಾಗಿ ಹರಿಯುವ ಆ ಸೆಕೆಯಲ್ಲಿ ಒಬ್ಬರಾದರೂ ಕೋಟಿನ ಗುಂಡಿ ಬಿಚ್ಚಲಿಲ್ಲ. ಬಿಚ್ಚಿದರೆ ಆಟಗಾರ ಎಂದು ತಿಳಿದು ಯಾರಾದರೂ ಬ್ಯಾಟು ಕೊಟ್ಟಾರು ಎಂಬ ಭಯವಿರಬೇಕು.

ರಾಷ್ಟ್ರಗೀತೆ ಹಾಕಿದರು. ಆ ದೇಶದ ಹನ್ನೊಂದು ಮಂದಿ ಎದೆಯ ಮೇಲೆ ಕೈಯಿಟ್ಟು ನಿಂತರು. ಒಬ್ಬನ ತುಟಿಯೂ ಅಲ್ಲಾಡಲಿಲ್ಲ. ಅಲ್ಲಾಡುವುದಾದರೂ ಹೇಗೆ? ಒಬ್ಬ ಲಾಹೋರಿನವನು, ಒಬ್ಬ ಲಂಕೆಯ ಗಾಲೆಯವನು, ಒಬ್ಬ ಮಂಗಳೂರಿನವನು. ಆ ದೇಶದಲ್ಲಿ ಹುಟ್ಟಿದ್ದೆಂದರೆ ಮ್ಯಾನೇಜರ ಕೈಯಲ್ಲಿದ್ದ ಬಾವುಟ ಒಂದೇ. ಆ ಹನ್ನೊಂದರಲ್ಲಿ ಅಜಿತ ಇರಲಿಲ್ಲ.

"ಆಮ್ಯಾಲೆ ಬರತಾನೇನೋ?" ಅಂದರು ಕಾಕಾ.

ಬಂದ. ನೀರಿನ ವಿರಾಮದಲ್ಲಿ, ಇಸ್ತ್ರಿ ಮುರಿಯದ ಬಿಳಿ ಬಟ್ಟೆಯಲ್ಲಿ, ಮೈದಾನದ ನಡುವಿಗೆ ಗಂಭೀರವಾಗಿ ನಡೆದು ಬಂದ. ಆಟಗಾರರೆಲ್ಲ ಅವನನ್ನು ಮುತ್ತಿಕೊಂಡರು. ನಮ್ಮ ಕಡೆ ಪಂದ್ಯದ ನಡುವೆ ಶುಭ್ರ ಬಟ್ಟೆಯವರೊಬ್ಬರು ಮೈದಾನಕ್ಕೆ ಇಳಿದರೆಂದರೆ ಅವರು ಮುಖ್ಯ ಅತಿಥಿಗಳು. ಆಟ ನಿಲ್ಲಿಸಿ ಎಲ್ಲರೂ ಕೈಕುಲುಕಬೇಕು, ನಾನು ಮೈಕಿನಲ್ಲಿ ಅವರ ದಾನಧರ್ಮ ಹೊಗಳಬೇಕು. ಕಾಕಾ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಕಣ್ಣಲ್ಲಿ ನೀರು.

"ನೋಡೋ, ನೋಡು! ಆಟ ನಿಂದರಿಸಿ ಸತ್ಕಾರ ಮಾಡಾಕತ್ತಾರ! ನಮ್ಮ ಪದ್ಮಕ್ಕ ಇರಬೇಕಾಗಿತ್ತ!"

ನಾನು ಅವರ ಅಂಗಿ ಹಿಡಿದು ಜಗ್ಗಿದೆ. "ಕಾಕಾ, ಕೂಡ್ರಿ. ಅಂವ ನೀರ ಕೊಡಾಕ ಬಂದಾನ."

"ನೀರು?"

"ಹೂಂನ್ರಿ. ಆಡದವರು ಆಡಾವ್ರಿಗೆ ನೀರ ಕೊಡೂದು ಇಲ್ಲಿ ಪದ್ಧತಿ."

ಕಾಕಾ ಮೆಲ್ಲಗೆ ಕೂತರು. ಚಪ್ಪಾಳೆಗೆಂದು ಎತ್ತಿದ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಡಬ್ಬಿಯ ಮೇಲೆ ಇಟ್ಟರು.

ಎರಡನೇ ಪಂದ್ಯ: ಹೋದ ದಾರಿ, ಬಂದ ದಾರಿ

ಅಜಿತನ ಜಾಗದಲ್ಲಿ ಆಡುತ್ತಿದ್ದವನು ಮ್ಯಾನೇಜರ ಹೆಂಡತಿಯ ತಮ್ಮ. ಅವನು ಬ್ಯಾಟಿಂಗಿಗೆ ಹೋಗುವ ರೀತಿ ನೋಡಬೇಕು: ಆಕಾಶ ನೋಡಿ, ಸೂರ್ಯನಿಗೆ ಕಣ್ಣು ಹೊಂದಿಸಿ, ತೋಳು ತಿರುಗಿಸಿ, ಪಿಚ್ಚಿನ ಮೇಲೆ ಕಸ ಹುಡುಕಿ, ಇಲ್ಲದ ಕಸ ಆರಿಸಿ. ಇಷ್ಟೆಲ್ಲ ಆದಮೇಲೆ ಮೊದಲ ಚೆಂಡಿಗೋ ಎರಡನೆಯದಕ್ಕೋ ಬೌಲ್ಡ್. ಎರಡು ಪಂದ್ಯದಲ್ಲೂ ಇದೇ ಆಯಿತು. ಮ್ಯಾನೇಜರು ಎರಡು ಸಲವೂ ಪಿಚ್ಚನ್ನು ಬೈದರು.

ಸಂಜೆ ಅಜಿತ ನಾವಿದ್ದಲ್ಲಿಗೆ ಬಂದ. ತಗ್ಗಿಸಿದ ತಲೆ ಎತ್ತಲಿಲ್ಲ.

"ಮಾಮಾ, ನೀವು ಯಾಕ ಬಂದ್ರಿ? ನಾ ಬರ್ರಿ ಅಂದಿದ್ದಿಲ್ಲಲ್ಲ."

"ಊರ ಕಳಿಸೇತಿ, ಬಂದೇನಿ. ಇನ್ನೊಂದ ಮ್ಯಾಚ್ ಐತಲ್ಲ?"

"ಐತಿ. ಆದ್ರ ಪ್ರತಿ ಸಲಾ ಅವರು 'ಅಗ್ಲಾ ಮ್ಯಾಚ್, ಪಕ್ಕಾ' ಅಂತಾರ, ಮುಂದಿನ ಮ್ಯಾಚ್ ಖಾತ್ರಿ ಅಂತ. ಎರಡ ವರ್ಷದಿಂದ ನನ್ನ ಮ್ಯಾಚ್ ಬರೇ ಅಗ್ಲಾದಾಗನ ಐತಿ."

ರಸ್ತೆ ಬದಿಯ ಫೋನ್ ಪೆಟ್ಟಿಗೆಯಿಂದ ಕಾಕಾ ಹುಕ್ಕೇರಿಯ ತಮ್ಮ ಅಂಗಡಿಗೆ ಫೋನು ಹಚ್ಚಿದರು. ಎತ್ತಿದವರು ಅಧ್ಯಕ್ಷರೇ, ಅಂಗಡಿಯಲ್ಲೇ ಠಿಕಾಣಿ ಹಾಕಿದ್ದರು. ದನಿ ನನಗೂ ಕೇಳುತ್ತಿತ್ತು. "ಭೂಪಾಲಣ್ಣಾ, ಆಡಿದ್ನೇನ್ರಿ? ಮೂಡಲಗಿ ಬ್ಯಾಂಡಿನವರಿಗೆ ಹೇಳಿಟ್ಟೇನಿ. ಪದ್ಮಕ್ಕ ಹೊಸಾ ಸೀರಿ ತಗೊಂಡಾಳ."

ಕಾಕಾ ಕಣ್ಣುಮುಚ್ಚಿ ಬಾಜೂಕ್ಕಿನ ಖರೆಯೊಂದನ್ನು ಹುಡುಕಿದರು. "ಹುಡುಗನ ಅರಿವಿ ನೋಡಬೇಕಾಗಿತ್ತರಿ, ಹಾಲಿನಂಗ ಬೆಳ್ಳಗ ಇದ್ದೂವು" ಎಂದು ಹೇಳಿ ಫೋನು ಇಟ್ಟರು. ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಅಂವ ಆಡದ ಹೋದ್ರ ನಾ ಊರಿಗೆ ಏನ ಹೇಳಲೋ? ಇಷ್ಟ ದೊಡ್ಡ ಸುಳ್ಳಿನ ಬಾಜೂಕ ಯಾವ ಖರೇನೂ ಇರಂಗಿಲ್ಲ."

ಕರದಂಟಿನ ಸಂಜೆ

ಕೊನೆಯ ಪಂದ್ಯದ ಹಿಂದಿನ ಸಂಜೆ ಕಾಕಾ ಡಬ್ಬಿಯೊಂದಿಗೆ ಟೀಮು ಇಳಿದಿದ್ದ ಹೋಟೆಲಿಗೆ ಹೊರಟರು. ಮ್ಯಾನೇಜರ ಹತ್ತಿರ ಮಾತಾಡುವುದು, ಬರಿಗೈಯಲ್ಲಿ ಹೋಗಬಾರದು, ಬಾಯಿ ಸಿಹಿ ಮಾಡುವುದು. ಇಷ್ಟೇ ಅವರ ಯೋಚನೆ. ನಮ್ಮ ಕಡೆ ಹೆಣ್ಣು ಕೇಳಲು ಹೋಗುವಾಗಲೂ ಇದೇ ಕ್ರಮ. ಅಜಿತ ಇನ್ನೂ ನೆಟ್ ಅಭ್ಯಾಸದಲ್ಲಿದ್ದ. ಆಡದವನನ್ನೇ ಹೆಚ್ಚು ಅಭ್ಯಾಸ ಮಾಡಿಸುವುದು ಆ ಟೀಮಿನ ಶಿಸ್ತು.

ಮ್ಯಾನೇಜರ ಕೋಣೆಯಲ್ಲಿ ಮೈದುನನೂ ಇದ್ದ, ಕೋಟಿನ ಸಹಾಯಕರೂ ಇನ್ನೂ ಕೆಲವು ಆಟಗಾರರೂ ಇದ್ದರು. ನನ್ನ ಹಿಂದಿಯನ್ನು ಮುಂದಿಟ್ಟುಕೊಂಡು ಕಾಕಾ ಕುಶಲ ವಿಚಾರಿಸಿದರು. ಅಜಿತನ ಮಾತು ತೆಗೆದದ್ದೇ ತಡ ಮ್ಯಾನೇಜರು, "ಅಗ್ಲಾ ಮ್ಯಾಚ್, ಪಕ್ಕಾ" ಅಂದರು. ಇದೇ ಕೊನೆಯದಲ್ಲವೇ ಎಂದು ನಾನು ಕೇಳಿದೆ. ಮುಂದಿನ ವರ್ಷದ್ದು ಎಂದು ಗಂಭೀರವಾಗಿ ವಿವರಿಸಿದರು.

ಕಾಕಾ ಸಿಟ್ಟಾಗಲಿಲ್ಲ. ಡಬ್ಬಿ ಬಿಚ್ಚಿದರು. "ಇರಲಿ ಬಿಡ್ರಿ. ಬಾಯಿ ಸಿಹಿ ಮಾಡಕೋರಿ. ಹುಡುಗನ ತಾಯಿ ಮಾಡಿದ್ದು."

ಮ್ಯಾನೇಜರು ಒಂದು ತಿಂದರು. ಹುಬ್ಬು ಮೇಲೆ ಹೋಯಿತು. ಕಾಕಾ ಇನ್ನೊಂದು ಕೊಟ್ಟರು. ಮ್ಯಾನೇಜರು ಬೇಡವೆಂದರು: ಮರ್ಯಾದೆ. ಕಾಕಾ ಮತ್ತೊಂದು ಇಟ್ಟರು. ಸಾಕು ಸಾಕು ಎಂದರು: ನಾಚಿಕೆ. ಎರಡು ಇಟ್ಟರು. ಮೈದುನನಿಗೆ ಒತ್ತಾಯವೇ ಬೇಕಾಗಲಿಲ್ಲ. ಅವನು ಪಿಚ್ಚಿನ ಮೇಲೆ ನಿಲ್ಲದಷ್ಟು ಹೊತ್ತು ಡಬ್ಬಿಯ ಮುಂದೆ ನಿಂತು ಆಡಿದ. ನಾನು ಕಾಕಾನ ಮೊಣಕೈ ತಿವಿದೆ.

"ಕಾಕಾ, ಸಾಕ ಮಾಡ್ರಿ. ಅಂಟಿನ ತಿಂಡಿ. ಈ ಸೆಕೆಯಾಗ ಹೊಟ್ಟಿ ತಡಿಯಂಗಿಲ್ಲ."

"ಮಂದಿ ತಿನ್ನೂ ಮುಂದ ಡಬ್ಬಿ ಮುಚ್ಚೂದೇನೋ? ನಮ್ಮ ಮನಿತನದಾಗ ಅದು ಆಗಿಲ್ಲ."

ಒಬ್ಬ ಮಾತ್ರ ಕೈಮುಗಿದು ತಪ್ಪಿಸಿಕೊಂಡ. ಅವನು ಕ್ಯಾಪ್ಟನ್, ಲಾಹೋರಿನ ಬಸ್ ಮೆಕ್ಯಾನಿಕ್, ಸಕ್ಕರೆ ಕಾಯಿಲೆಯವನು. ಆ ಒಂದು ಕಾರಣಕ್ಕೆ ಮಾತ್ರ ಕಾಕಾ ಯಾರನ್ನಾದರೂ ಬಿಡುವುದು.

ಅಜಿತ ಬೆವರುತ್ತ ಬಂದಾಗ ಹೊತ್ತು ಮುಳುಗುತ್ತಿತ್ತು, ಡಬ್ಬಿ ಖಾಲಿಯಾಗಿತ್ತು. ಕಾಕಾ ಡಬ್ಬಿಯೊಳಗೆ ನೋಡಿದರು, ಹುಡುಗನ ಮುಖ ನೋಡಿದರು. ಆಗ ಅವರಿಗೆ ತಾನು ಮಾಡಿದ್ದು ಹೊಳೆಯಿತು.

"ನಿನಗಂತ ನಿಮ್ಮವ್ವ ಕೊಟ್ಟಿದ್ಲೋ. ಒಂದೂ ಉಳೀಲಿಲ್ಲ."

"ಇರಲಿ ತಗೋರಿ ಮಾಮಾ." ಅಜಿತ ಡಬ್ಬಿಯ ತಳಕ್ಕೆ ಬೆರಳು ಒತ್ತಿ, ಅಂಟಿಕೊಂಡ ಕೊಬ್ಬರಿ ಚೂರನ್ನು ನಾಲಗೆಗೆ ಹಚ್ಚಿಕೊಂಡ. "ಅವ್ವ ಈ ಸಲಾ ಜಾಜಿಕಾಯಿ ಜಾಸ್ತಿ ಹಾಕ್ಯಾಳ" ಅಂದ. ಅಷ್ಟೇ ಅವನಿಗೆ ಸಿಕ್ಕಿದ್ದು.

ಕೊನೆಯ ಪಂದ್ಯ

ಬೆಳಿಗ್ಗೆ ಮೈದಾನಕ್ಕೆ ಹೋದರೆ ಕೋಟುಗಳೇ ಇರಲಿಲ್ಲ. ಸಹಾಯಕರು ಹೋಟೆಲಿನಲ್ಲೇ ಉಳಿದಿದ್ದರು. ಮೈದುನ ಸ್ನಾನದ ಕೋಣೆಯ ಬಾಗಿಲು ತೆರೆಯುತ್ತಿಲ್ಲವಂತೆ. ಆಟಗಾರರಲ್ಲಿ ಇನ್ನಿಬ್ಬರು ಹಾಸಿಗೆ ಹಿಡಿದಿದ್ದರು. ಮ್ಯಾನೇಜರೊಬ್ಬರು ಮಾತ್ರ ಧೈರ್ಯ ಮಾಡಿ ಬಂದಿದ್ದರು. ಬಂದವರು ಟೀಮಿನ ಪಟ್ಟಿ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಇಟ್ಟು, ನಿಂತು, ಏನನ್ನೋ ಆಲಿಸಿದವರಂತೆ ಮುಖ ಮಾಡಿ, ಕೋಟು ಬಿಚ್ಚಿ ಕ್ಯಾಪ್ಟನ್ನನ ತೋಳಿಗೆ ಹಾಕಿ ಪೆವಿಲಿಯನ್ನಿನ ಹಿಂದಕ್ಕೆ ಓಡಿದರು. ಇಡೀ ಟೂರ್ನಮೆಂಟಿನಲ್ಲಿ ಆ ಟೀಮಿನವರ ಅತ್ಯುತ್ತಮ ಓಟ ಅದೇ.

ಪಟ್ಟಿಯನ್ನು ಕ್ಯಾಪ್ಟನ್ನೇ ಬರೆದ. ಅಜಿತನ ಹೆಸರನ್ನು ಬರೆಯಲೇಬೇಕಾಗಿತ್ತು. ನಡೆದಾಡಬಲ್ಲವರೇ ಅಷ್ಟು ಜನ.

ನಾನು ಕುಣಿಯುವುದೊಂದು ಬಾಕಿ. ಕಾಕಾ ಮಾತ್ರ ಪೆಚ್ಚಾಗಿ ಕೂತರು.

"ನನ್ನ ಕೈಯಿಂದ ಮಂದಿ ಹೊಟ್ಟಿ ಕೆಟ್ಟೈತಿ. ಇದು ಹಿಂಸಾನ. ಇವತ್ತ ನನಗ ಉಪವಾಸ. ನೀರೂ ಮುಟ್ಟಂಗಿಲ್ಲ."

"ಕಾಕಾ, ಅಜಿತ ಆಡಾಕತ್ತಾನ! ಆ ಕಡೆ ನೋಡ್ರಿ!"

"ನೋಡತೇನಿ. ನೋಡೂದಕ್ಕ ಉಪವಾಸ ಇಲ್ಲ."

ಎದುರಿನವರು ಮೊದಲು ಬ್ಯಾಟ್ ಮಾಡಿದರು. ಅಜಿತ ಬೌಂಡರಿಯ ಹತ್ತಿರ ನಿಂತು ಚೆಂಡಿನ ಹಿಂದೆ ಹೊರಳಿ ಹೊರಳಿ ಬಿದ್ದ. ಹುಕ್ಕೇರಿಯ ಮೈದಾನದಲ್ಲಿ ಹಾಗೆ ಬಿದ್ದರೆ ಮೊಣಕೈಯ ಚರ್ಮ ಅಲ್ಲೇ ಬಿಟ್ಟು ಏಳಬೇಕಾಗುತ್ತದೆ. ಹಾಲಿನಂತಿದ್ದ ಅವನ ಬಟ್ಟೆ ಎದೆಯಿಂದ ಮೊಣಕಾಲವರೆಗೆ ಹಸಿರಾಯಿತು. ಕಾಕಾನ ಮುಖ ಸ್ವಲ್ಪ ಅರಳಿತು.

ಆಮೇಲೆ ಅಜಿತ ಮೈದುನನ ಜಾಗದಲ್ಲಿ, ಕ್ಯಾಪ್ಟನ್ನನ ಜೊತೆ ಬ್ಯಾಟಿಂಗಿಗೆ ಇಳಿದ. ಮೊದಲ ಓವರು ಕ್ಯಾಪ್ಟನ್ ಎದುರಿಸಿದ. ಐದು ಚೆಂಡು ಬಿಟ್ಟು, ಆರನೆಯದಕ್ಕೆ ಒಂದು ರನ್ ಕದ್ದ. ಒಂದು ರನ್ ಎಂದರೆ ಮುಂದಿನ ಓವರೂ ಅವನದೇ. ಅಜಿತ ಬ್ಯಾಟು ಹಿಡಿದು ಈ ತುದಿಯಿಂದ ಆ ತುದಿಗೆ ಓಡಿ, ಮತ್ತೆ ಅಂಪೈರ ಪಕ್ಕ ನಿಂತ. ಎರಡನೇ ಓವರಿನ ಕೊನೆಯ ಚೆಂಡಿಗೆ ಕ್ಯಾಪ್ಟನ್ ಮತ್ತೆ ಒಂದು ರನ್ ಕದ್ದ.

"ಆ ಮನಷ್ಯಾಗೂ ಒಂದ ತಿನ್ನಸಬೇಕಾಗಿತ್ತ್ರಿ ಕಾಕಾ!" ಎಂದು ನಾನು ಹಲ್ಲು ಕಡಿದೆ.

ಕಾಕಾ ಕಿವಿ ಮುಚ್ಚಿಕೊಂಡರು.

ಆ ಊರಿನಲ್ಲಿ ಮಳೆ ನಮ್ಮದರ ಹಾಗೆ ಹೇಳಿ ಕಳಿಸಿ ಬರುವುದಿಲ್ಲ. ಮೂರನೇ ಓವರಿನ ನಡುವೆ ಆಕಾಶ ಹರಿದುಬಿತ್ತು. ಎಲ್ಲರೂ ಓಡಿದರು. ಅಜಿತ ಮಾತ್ರ ಸ್ಟಂಪಿನ ಹತ್ತಿರವೇ ನಿಂತ. ಇನ್ನೇನು ನಿಲ್ಲುತ್ತದೆ ಎಂಬಂತೆ. ಅಂಪೈರು ಬಂದು ಭುಜ ಹಿಡಿದು ಕರೆದೊಯ್ದರು. ಕಾಲಿಗೆ ಪ್ಯಾಡು ಕಟ್ಟಿಕೊಂಡೇ ಮೆಟ್ಟಿಲ ಮೇಲೆ ಕೂತು ಮಳೆ ನೋಡಿದ. ಮೈದಾನ ಕೆರೆಯಾಯಿತು. ಪಂದ್ಯ ರದ್ದೆಂದು ಸಾರಿದರು. ಕ್ಯಾಪ್ಟನ್ ಅವನ ಹತ್ತಿರ ಬಂದು, ಮುಂದಿನ ಓವರು ನಿನಗೇ ಬಿಡೋಣವೆಂದಿದ್ದೆ ಅಂದ. ಅಜಿತ ನಕ್ಕ.

ನಾವು ಹತ್ತಿರ ಹೋದೆವು. ಕಾಕಾ ತಮ್ಮ ಟವೆಲಿನಿಂದ ಅವನ ತಲೆ ಒರೆಸಿದರು.

"ಮಾಮಾ, ಆ ಬಾಜೂಕಿನಿಂದ ಬಾಲ್ ಎಷ್ಟ ಸ್ವಚ್ಛ ಕಾಣಸ್ತಿತ್ತು ಗೊತ್ತೇನ್ರಿ? ಒಂದ... ಒಂದ ಬಾಲ್ ನನ್ನ ಕಡೆ ಬಂದಿದ್ರ ಹೊಡದಿರತಿದ್ದೆ."

"ಹೊಡದಿರತಿದ್ದಿ" ಅಂದರು ಕಾಕಾ. ಅದು ಸುಳ್ಳೋ ಖರೆಯೋ ನಾನು ಕೇಳಲಿಲ್ಲ. ಅವರು ಸುಳ್ಳು ಹೇಳುವವರಲ್ಲ.

ಹತ್ತರಗಿ ಕ್ರಾಸ್

ಅಜಿತ ಎಸಿ ರಿಪೇರಿಗೆ ವಾಪಸು ಹೋದ. ನಾವು ಹೆದ್ದಾರಿಯಲ್ಲಿ ಹತ್ತರಗಿ ಕ್ರಾಸಿಗೆ ಬಸ್ಸಿಳಿದಾಗ ಮೂಡಲಗಿಯ ಬ್ಯಾಂಡು ಶುರುವಾಗಿಯೇ ಇತ್ತು. ಕುಂಬಳಕಾಯಿ ಮುಖದ ಬ್ಯಾನರು, ಅದರ ಕೆಳಗೆ ಅದೇ ಮುಖದ ಅಧ್ಯಕ್ಷರು, ಪಕ್ಕದಲ್ಲಿ ಹೊಸ ಸೀರೆಯಲ್ಲಿ ಪದ್ಮಕ್ಕ, ಹಿಂದೆ ಗಂಟಲು ಸರಿಮಾಡಿಕೊಂಡು ಕೆಮ್ಮಲು ಸಿದ್ಧವಾಗಿ ನಿಂತ ಬಳಗ. ಮೈಕ್ ಸೆಟ್ಟು ನನ್ನದೇ. ನನ್ನ ಅಂಗಡಿಯಿಂದ ನನ್ನನ್ನು ಕೇಳದೆಯೇ ತಂದಿದ್ದರು.

ಅಧ್ಯಕ್ಷರು ಮೈಕನ್ನು ಕಾಕಾನ ಬಾಯಿಗೆ ಹಿಡಿದರು. "ಭೂಪಾಲಣ್ಣಾ, ಮಂದಿ ಕೇಳಾಕತ್ತಾರ. ಅಜಿತ ಆಡಿದ್ನೇನು?"

"ಆಡಿದ" ಅಂದರು ಕಾಕಾ. ಬ್ಯಾಂಡಿನವರು ಒಂದು ಸುತ್ತು ಬಾರಿಸಿದರು. ಪದ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹಿಂದಿನಿಂದ ಬಳಗದ ಒಬ್ಬನು ಕೂಗಿದ, "ಎಷ್ಟ ಹೊಡದಾ ಅದನ್ನ ಹೇಳ್ರಿ!"

ಸದ್ದು ನಿಂತಿತು. ಕಾಕಾನ ಹಣೆಯ ಮೇಲೆ ಕ್ವಾಲಾಲಂಪುರದ ಬೆವರು ಕಂಡಿತು. ಕಣ್ಣು ಮುಚ್ಚಿದರು. ಆಮೇಲೆ ಅವರು ಮೈಕನ್ನು ತಾವೇ ಕೈಗೆ ತೆಗೆದುಕೊಂಡರು.

"ಇಡೀ ಟೂರ್ನಮೆಂಟಿನಾಗ," ಅಂದರು, ಒಂದೊಂದೇ ಮಾತು ತೂಗುತ್ತ, "ಯಾವ ದೇಶದ ಯಾವ ಬೌಲರಗೂ ನಮ್ಮ ಅಜಿತನ್ನ ಔಟ ಮಾಡಾಕ ಆಗಲಿಲ್ಲ."

ಹತ್ತರಗಿ ಕ್ರಾಸು ಎದ್ದು ಕುಣಿಯಿತು. ಲಾರಿಯವರು ಹಾರ್ನು ಹೊಡೆದರು. ಅಧ್ಯಕ್ಷರು ಪದ್ಮಕ್ಕನಿಗೆ ಹೊದಿಸಲು ತಂದ ಶಾಲನ್ನು ಸಂಭ್ರಮದಲ್ಲಿ ತಾವೇ ಹೊದ್ದುಕೊಂಡು, ಫೋಟೋ ತೆಗೆಸಿಕೊಂಡು, ಆಮೇಲೆ ನೆನಪಾಗಿ ಅವಳಿಗೆ ಹೊದಿಸಿದರು. ಕೆಮ್ಮುವವರಲ್ಲಿ ಒಬ್ಬರು ನನ್ನ ಕಿವಿಗೆ ಬಾಯಿಟ್ಟು, "ಖರೇನ ಹೇಳ್ತಾರೇನೋ?" ಎಂದರು. "ಅಕ್ಷರ ಅಕ್ಷರ ಖರೆ" ಎಂದೆ.

ಗದ್ದಲ ಇಳಿದ ಮೇಲೆ ಪದ್ಮಕ್ಕ ಖಾಲಿ ಡಬ್ಬಿ ಕೈಗೆ ತೆಗೆದುಕೊಂಡು, ಅಲ್ಲಾಡಿಸಿ ನೋಡಿ, ಕಾಕಾನನ್ನು ಕೇಳಿದಳು. ರನ್ನಿನ ಮಾತಲ್ಲ.

"ಭೂಪಾಲಾ, ಕರದಂಟು ತಿಂದ್ನೇನೋ ಹುಡುಗ?"

ಕಾಕಾ ನನ್ನ ಕಡೆ ನೋಡಿದರು. ಊರನ್ನು ಗೆದ್ದವರು ಅಕ್ಕನ ಮುಂದೆ ಮತ್ತೆ ಬಾಜೂಕ್ಕಿನ ಖರೆ ಹುಡುಕಿದರು.

"ಅಕ್ಕಾ, ಜಾಜಿಕಾಯಿ ಜಾಸ್ತಿ ಹಾಕೀದಿ ಅಂದ. ಟೀಮಿನ ಮಂದೀನೂ ತಿಂದ್ರು. ಮ್ಯಾನೇಜರ್ ಸಾಹೇಬ್ರಂತೂ ಮರುದಿನಾನೂ ಮರೀಲಿಲ್ಲ. ನೀ ಕರದಂಟು ಮಾಡಿ ಕೊಟ್ಟಿರದಿದ್ರ ನಮ್ಮ ಅಜಿತಗ ಆಡಾಕನ ಆಗತಿದ್ದಿಲ್ಲ ನೋಡು."

ಪದ್ಮಕ್ಕನ ಮುಖ ದೀಪ ಹಚ್ಚಿದಂತಾಯಿತು. ಡಬ್ಬಿಯನ್ನು ಹೊಸ ಶಾಲಿನ ತುದಿಯಿಂದ ಒರೆಸುತ್ತ ಅಂದಳು, "ಹಂಗಾರ ಬರೂ ವರ್ಷ ಎರಡ ಡಬ್ಬಿ ಮಾಡಿ ಕೊಡತೇನಿ. ಪಾಪ, ಎಲ್ಲಾರೂ ಹೊಟ್ಟಿ ತುಂಬ ತಿನ್ನಲಿ. ಆ ಕ್ಯಾಪ್ಟನ್ ತಿಂದ್ನೋ ಇಲ್ಲೋ?"

"ಅಂವಗ ಸಕ್ಕರಿ ಕಾಯಿಲೆ, ತಿನ್ನಲಿಲ್ಲ" ಅಂದರು ಕಾಕಾ. ಬಾಜೂಕ್ಕಿನ ಖರೆ ಹುಡುಕಲು ಅವರಿಗೆ ಹೊತ್ತೇ ಸಿಗಲಿಲ್ಲ.

"ಹಂಗಾದ್ರ ಅಂವಗ ಬ್ಯಾರೇನ ಮಾಡಿ ಕೊಡತೇನಿ" ಅಂದಳು ಪದ್ಮಕ್ಕ, "ಬೆಲ್ಲ ಕಡಿಮಿ ಹಾಕಿ, ಅಂಟು ಜಾಸ್ತಿ ಹಾಕಿ."